ಜುವಾರಿಯ ಮೇಲಿನ ಆಕಾಶ: ಯುದ್ಧಕಾಲದ ವಿಮಾನಾಪಘಾತಗಳೂ ನಮ್ಮ ಕರಾವಳಿಯೂ

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆಯಲು ಕುಳಿತಾಗ ನಮ್ಮ ಗಮನ ಸಹಜವಾಗಿ ನೆಲದ ಕಡೆಗೇ ಹರಿಯುತ್ತದೆ. ಕದಂಬರ ಶಾಸನಗಳು, ಘಟ್ಟದ ದಾರಿಗಳು, ದೇವಾಲಯಗಳು, ನಾವು ಬಿಟ್ಟು ಬಂದ ಊರುಗಳು ಇವೇ ಇಂಥ ಸಂಚಿಕೆಗಳ ಪುಟಗಳನ್ನು ತುಂಬುವುದು ರೂಢಿ. ಈ ಸಲ ನಾವು ವಾಚಕರನ್ನು ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿರೆಂದು ಬೇಡುತ್ತೇವೆ. ಮಡ್ಕಯಿಯ ನದೀತೀರದಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಜುವಾರಿ ನದಿಯು ಅಗಲವಾಗಿ ಹರಡಿಕೊಂಡು ಸಮುದ್ರದತ್ತ ಸಾಗುವುದು ಕಾಣುತ್ತದೆ. ಆಚೆಯ ದಂಡೆಯಲ್ಲಿ ಕುಠ್ಠಾಳಿ. ಅದಕ್ಕೂ ಮುಂದೆ, ಸಮುದ್ರಕ್ಕೆ ಹತ್ತಿರವಾದ ಎತ್ತರದ ಬಯಲಿನಲ್ಲಿ, ದಾಬೋಳಿಯ ವಿಮಾನ ನಿಲ್ದಾಣವಿದೆ.

ಆ ನಿಲ್ದಾಣದ ಒಂದು ವಿಶೇಷವನ್ನು ನಮ್ಮ ಮಕ್ಕಳು ಕೂಡ ಬಲ್ಲರು. ಪ್ರವಾಸಿಗಳನ್ನು ಹೊತ್ತ ಬಣ್ಣಬಣ್ಣದ ವಿಮಾನಗಳೂ ನೌಕಾದಳದ ಬೂದುಬಣ್ಣದ ವಿಮಾನಗಳೂ ಅಲ್ಲಿ ಒಂದೇ ಓಡುದಾರಿಯ ಮೇಲೆ ಏರುತ್ತವೆ, ಒಂದೇ ಓಡುದಾರಿಯ ಮೇಲೆ ಇಳಿಯುತ್ತವೆ. ಶಾಂತಿಯ ದಿನಗಳಲ್ಲಿ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಯುದ್ಧವೆಂಬುದು ಬಂದಾಗ ಪ್ರಜೆಯ ವಿಮಾನಕ್ಕೂ ಯೋಧನ ವಿಮಾನಕ್ಕೂ ನಡುವಣ ಗೆರೆ ಏನಾಗುತ್ತದೆ? ಅದನ್ನು ಕಾಯುವವರು ಯಾರು, ಅಳಿಸುವವರು ಯಾರು? ವಿಮಾನ ಕೆಳಗೆ ಬಿದ್ದ ಮೇಲೆ ನಾವು ಯಾರ ಹೆಸರನ್ನು ಬರೆದಿಡುತ್ತೇವೆ, ಯಾರನ್ನು ಮರೆಯುತ್ತೇವೆ? ಈ ಪಶ್ಚಿಮ ಕರಾವಳಿಯ ಕೆಲವು ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಈ ಪ್ರಶ್ನೆಗಳನ್ನು ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದ ಆಕಾಶಕ್ಕೆ ವಿಮಾನವು ಮೊದಲು ಬಂದದ್ದು ಬಾಂಬನ್ನು ಹೊತ್ತುಕೊಂಡಲ್ಲ, ಅಂಚೆಯ ಚೀಲವನ್ನು ಹೊತ್ತುಕೊಂಡು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಪುಟ್ಟ ವಿಮಾನವೊಂದನ್ನು ತಾವೇ ನಡೆಸಿಕೊಂಡು ಬಂದರು. ಮುಂಬಯಿಯಿಂದ ಆ ಅಂಚೆಯನ್ನು ಮುಂದಕ್ಕೆ ಒಯ್ದವರು ಅವರ ಸಹಕಾರಿಯಾದ ನೆವಿಲ್ ವಿನ್ಸೆಂಟ್. ವಿನ್ಸೆಂಟರು ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಮರುದಿನ ಅಲ್ಲಿಂದ ಹಾರಿ ಮದ್ರಾಸನ್ನು ಸೇರಿದರು. ಮೂರು ವರ್ಷಗಳ ಬಳಿಕ, 1935ರ ಅಕ್ಟೋಬರದಲ್ಲಿ, ಅದೇ ಟಾಟಾ ಸಂಸ್ಥೆಯು ಮುಂಬಯಿಯಿಂದ ಗೋವಾ ಮತ್ತು ಕಣ್ಣಾನೂರುಗಳ ಮಾರ್ಗವಾಗಿ ತಿರುವನಂತಪುರಕ್ಕೆ ವಾರಕ್ಕೊಮ್ಮೆ ವಿಮಾನ ನಡೆಸತೊಡಗಿತು. ಕಾರವಾರ, ಕುಮಟೆ, ಉಡುಪಿ, ಮಂಗಳೂರುಗಳ ಕಡಲ ಅಂಚಿನಲ್ಲಿ ಎತ್ತಿನ ಗಾಡಿಯೂ ಹಾಯಿದೋಣಿಯೂ ಸಾಗುತ್ತಿದ್ದ ಕಾಲವದು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಅದರ ಕರಿನೆರಳು ಯುರೋಪಿನ ಮೇಲಷ್ಟೇ ಬಿದ್ದಿತೆಂದು ನಮ್ಮ ಜನ ತಿಳಿದಿದ್ದರೆ, ಆ ತಿಳಿವಳಿಕೆ ಬಹುಕಾಲ ನಿಲ್ಲಲಿಲ್ಲ. 1940ರ ಮಾರ್ಚ್ 1ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ‘ಹ್ಯಾನಿಬಾಲ್’ ಎಂಬ ದೊಡ್ಡ ವಿಮಾನವು ಇರಾನಿನ ಜಾಸ್ಕ್ ಎಂಬಲ್ಲಿಂದ ಷಾರ್ಜಾದ ಕಡೆಗೆ ಹಾರುತ್ತಿದ್ದಾಗ ಓಮನ್ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದ ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಎಂಟು ಜನರಲ್ಲಿ ಮದ್ರಾಸು ಪ್ರಾಂತದ ಮಂತ್ರಿಯಾಗಿದ್ದ ಎ. ಟಿ. ಪನ್ನೀರಸೆಲ್ವಂ ಅವರೂ ಒಬ್ಬರು. ಲಂಡನ್ನಿನಲ್ಲಿ ಭಾರತ ಮಂತ್ರಿಯ ಸಲಹೆಗಾರರ ಹುದ್ದೆಯನ್ನು ವಹಿಸಿಕೊಳ್ಳಲು ಅವರು ಹೊರಟಿದ್ದರು. ಅಂದು ದಕ್ಷಿಣ ಕನ್ನಡವೂ ಕಾಸರಗೋಡೂ ಬಳ್ಳಾರಿಯೂ ಮದ್ರಾಸು ಪ್ರಾಂತಕ್ಕೇ ಸೇರಿದ್ದುವು ಎಂಬುದನ್ನು ನೆನೆದರೆ, ಆ ನಷ್ಟವು ನಮಗೆ ತೀರ ದೂರದ್ದಾಗಿರಲಿಲ್ಲವೆಂದು ತಿಳಿಯುತ್ತದೆ. ಅದು ಪ್ರಜೆಗಳ ವಿಮಾನ. ಅದನ್ನು ಯಾರೂ ಹೊಡೆದು ಕೆಡವಿದರೆಂಬುದಕ್ಕೆ ಆಧಾರವಿಲ್ಲ. ಕಡಲು ಅದನ್ನು ನುಂಗಿತು, ಮತ್ತೆ ಹಿಂದಿರುಗಿಸಲಿಲ್ಲ.

ಬಳ್ಳಾರಿಗೆ ಮೊದಲು ವಿಮಾನದ ಅಂಚೆ ತಂದ ವಿನ್ಸೆಂಟರ ಕೊನೆಯೂ ಇದೇ ಯುದ್ಧದಲ್ಲಿ ಆಯಿತು. ಭಾರತದಲ್ಲಿ ವಿಮಾನಗಳನ್ನು ಕಟ್ಟುವ ಯೋಜನೆಗಾಗಿ ಇಂಗ್ಲೆಂಡಿಗೆ ಹೋಗಿದ್ದ ಅವರು 1942ರ ಜನವರಿಯಲ್ಲಿ ಬ್ರಿಟಿಷ್ ವಾಯುದಳದ ಹಡ್ಸನ್ ವಿಮಾನವೊಂದರಲ್ಲಿ ಹಿಂದಿರುಗಿ ಬರುತ್ತಿದ್ದರು. ಆ ವಿಮಾನ ಫ್ರಾನ್ಸಿನ ಕರಾವಳಿಯ ಬಳಿ ಕಾಣೆಯಾಯಿತು. ಅಂಚೆಯ ವಿಮಾನದಲ್ಲಿ ಬದುಕು ಕಟ್ಟಿಕೊಂಡವನು ಯುದ್ಧದ ವಿಮಾನದಲ್ಲಿ ಪ್ರಯಾಣಿಕನಾಗಿ ಮಡಿದನು.

ಇದೇ ಯುದ್ಧಕಾಲದಲ್ಲಿ ಕನ್ನಡನಾಡಿನಲ್ಲಿ ನಡೆದ ಒಂದು ಮಹತ್ಕಾರ್ಯವನ್ನು ಇಲ್ಲಿ ಸ್ಮರಿಸದೆ ಇರಲಾಗದು. 1940ರ ಡಿಸೆಂಬರ್ 23ರಂದು ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿಂದ ಹಾರ್ಲೋ ಎಂಬ ತರಬೇತಿ ವಿಮಾನ ಹೊರಬಿದ್ದಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೈನ್ಯದ ಕೈಗೆ ಹೋಗಿ, ಅದು ಏಷ್ಯಾ ಖಂಡದ ಈ ಭಾಗದಲ್ಲಿ ಹಾನಿಗೊಂಡ ವಿಮಾನಗಳಿಗೆ ಒಂದು ದೊಡ್ಡ ಆಸ್ಪತ್ರೆಯೇ ಆಯಿತೆನ್ನಬಹುದು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ಎಂಬ ವಿಮಾನಗಳು ದುರಸ್ತಿಗಾಗಿ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು. ಸಮುದ್ರದ ಮೇಲೆ ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕುವುದೂ, ಕಡಲಿಗೆ ಬಿದ್ದ ವೈಮಾನಿಕರನ್ನು ಎತ್ತಿ ತರುವುದೂ ಈ ಕ್ಯಾಟಲಿನಾಗಳ ಕೆಲಸವಾಗಿತ್ತು. ರೈತನ ಗದ್ದೆಗೆ ನೀರುಣಿಸಲು ಕಟ್ಟಿದ ಕೆರೆ ಯುದ್ಧದ ವಿಮಾನಕ್ಕೆ ಇಳಿದಾಣವಾದುದು ಆ ಕಾಲದ ವಿಚಿತ್ರಗಳಲ್ಲೊಂದು.

ಗಡಿನಾಡಾದ ಬೆಳಗಾವಿಯಲ್ಲಿಯೂ 1942ರಲ್ಲಿ ಬ್ರಿಟಿಷ್ ವಾಯುದಳವು ಸಾಂಬ್ರಾ ಗ್ರಾಮದ ಬಳಿ ವಿಮಾನ ನೆಲೆಯೊಂದನ್ನು ನಿರ್ಮಿಸಿತು. ಅಂದು ಅದು ತರಬೇತಿಗಾಗಿ ಇದ್ದ ನೆಲೆ. ಅದೇ ನೆಲೆಯು ಹತ್ತೊಂಬತ್ತು ವರ್ಷಗಳ ಅನಂತರ ಗೋವೆಯ ಇತಿಹಾಸದಲ್ಲಿ ಪಾತ್ರ ವಹಿಸಿತು. ಅದನ್ನು ಮುಂದೆ ಹೇಳುತ್ತೇವೆ.

ಗೋವೆಯು ಆ ಮಹಾಯುದ್ಧದಲ್ಲಿ ಹೇಗಿತ್ತು? ಪೋರ್ಚುಗಲ್ ತಟಸ್ಥ ರಾಷ್ಟ್ರವಾಗಿದ್ದುದರಿಂದ ಗೋವೆಯೂ ತಟಸ್ಥ ಭೂಮಿಯಾಗಿತ್ತು. ಆದರೆ ಯುದ್ಧವು ಗೋವೆಯ ಬಾಗಿಲನ್ನು ಆಕಾಶದಿಂದ ತಟ್ಟುವುದಕ್ಕೆ ಮೊದಲು ನೀರಿನ ಮೇಲಿನಿಂದ ತಟ್ಟಿತು. ಜುವಾರಿಯ ಮುಖದಲ್ಲಿರುವ ಮುರಗಾಂವ ಬಂದರಿನಲ್ಲಿ ‘ಎಹ್ರೆನ್‌ಫೆಲ್ಸ್’, ‘ಡ್ರಾಕೆನ್‌ಫೆಲ್ಸ್’, ‘ಬ್ರೌನ್‌ಫೆಲ್ಸ್’ ಎಂಬ ಮೂರು ಜರ್ಮನ್ ಹಡಗುಗಳೂ ‘ಅನ್ಫೋರಾ’ ಎಂಬ ಒಂದು ಇಟಲಿಯ ಹಡಗೂ ಆಶ್ರಯ ಪಡೆದಿದ್ದುವು. 1943ರ ಮಾರ್ಚ್ 9ರ ರಾತ್ರಿ ಕಲಕತ್ತೆಯ ಸ್ವಯಂಸೇವಕ ಸವಾರ ದಳದ ನಡುವಯಸ್ಸಿನ ಕೆಲವು ಆಂಗ್ಲರು ‘ಫೀಬಿ’ ಎಂಬ ಹೂಳೆತ್ತುವ ದೋಣಿಯೊಂದರಲ್ಲಿ ಗುಟ್ಟಾಗಿ ಬಂದು ಎಹ್ರೆನ್‌ಫೆಲ್ಸ್ ಹಡಗನ್ನು ಏರಿದರು. ಹಡಗಿನ ಕಪ್ತಾನನು ಹತನಾದನು. ಜರ್ಮನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಅದೇ ವರ್ಷದ ಅಕ್ಟೋಬರದಲ್ಲಿ ಅದೇ ಬಂದರಿನಲ್ಲಿ ಬೇರೊಂದು ದೃಶ್ಯ ಕಾಣಿಸಿತು. ಜಪಾನಿನ ‘ತೇಯಾ ಮಾರು’ ಹಡಗಿನಲ್ಲಿ ಬಂದ ಅಮೆರಿಕ, ಕೆನಡಾ ಮುಂತಾದ ದೇಶಗಳ ಪ್ರಜೆಗಳನ್ನೂ ‘ಗ್ರಿಪ್ಸ್‌ಹೋಮ್’ ಹಡಗಿನಲ್ಲಿ ಬಂದ ಜಪಾನೀ ಪ್ರಜೆಗಳನ್ನೂ ಅಲ್ಲಿ ಪರಸ್ಪರ ವಿನಿಮಯ ಮಾಡಿಕೊಳ್ಳಲಾಯಿತು. ಪ್ರಜೆಯನ್ನು ಯೋಧನಿಂದ ಬೇರ್ಪಡಿಸಿ ನೋಡುವ ವಿವೇಕವು ಆ ಘೋರ ಯುದ್ಧದ ನಡುವೆಯೂ ಕೆಲವು ದಿನ ಜುವಾರಿಯ ದಡದಲ್ಲಿ ನೆಲೆಸಿತ್ತು. ಈ ಸಂಗತಿಯನ್ನು ಮಾರ್ಚ್ ತಿಂಗಳ ಸಾಹಸಕ್ಕಿಂತ ಹೆಚ್ಚಾಗಿ ನೆನಪಿಡಬೇಕೆಂದು ನಮಗೆ ಅನ್ನಿಸುತ್ತದೆ.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳನ್ನು ಬೆಂಗಳೂರಿನ ಕಾರ್ಖಾನೆಯಲ್ಲಿ ದುರಸ್ತಿಮಾಡಿ ಪ್ರಯಾಣಿಕರ ಉಪಯೋಗಕ್ಕೆ ಒದಗಿಸಲಾಯಿತು. ಸಿಪಾಯಿಗಳನ್ನು ಹೊತ್ತ ಜಾತಿಯ ವಿಮಾನವೇ ವರ್ತಕರನ್ನೂ ವಿದ್ಯಾರ್ಥಿಗಳನ್ನೂ ಹೊರತೊಡಗಿತು. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜಪೆ ನಿಲ್ದಾಣವು ತೆರೆದಾಗ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಂದಿಳಿದದ್ದೂ ಡಕೋಟಾ ವಿಮಾನದಲ್ಲಿಯೇ. ಇತ್ತ ಗೋವೆಯಲ್ಲಿ ಭಾರತ ಸರಕಾರದ ಆರ್ಥಿಕ ನಿರ್ಬಂಧದಿಂದ ಭೂಮಾರ್ಗಗಳು ಮುಚ್ಚಿದಾಗ ಪೋರ್ಚುಗೀಜರು ದಾಬೋಳಿಯಲ್ಲಿ ವಿಮಾನ ನಿಲ್ದಾಣವನ್ನು ಕಟ್ಟಿ 1955ರಲ್ಲಿ ವಿಮಾನ ಸಂಚಾರವನ್ನು ಆರಂಭಿಸಿದರು. ಘಟ್ಟದ ಮೇಲಣ ಬೆಳಗಾವಿಗೂ ಘಟ್ಟದ ಕೆಳಗಿನ ಗೋವೆಗೂ ನಡುವೆ ಶತಮಾನಗಳಿಂದ ಎತ್ತುಗಳು ಸಾಗಿದ್ದ ದಾರಿ ಅಂದು ಮುಚ್ಚಿತ್ತು. ಆದರೆ ಕರಾಚಿಗೂ ಲಿಸ್ಬನ್ನಿಗೂ ಹೋಗುವ ಆಕಾಶದ ದಾರಿ ತೆರೆದಿತ್ತು.

ಈಗ 1961ರ ಡಿಸೆಂಬರಿಗೆ ಬರೋಣ. ಗೋವಾ ವಿಮೋಚನೆಗಾಗಿ ಭಾರತೀಯ ಸೈನ್ಯವು ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ ನೇತೃತ್ವದಲ್ಲಿ ಬೆಳಗಾವಿಯ ಸುತ್ತ ನೆರೆಯಿತು. ಸಾಂಬ್ರಾದ ಹಳೆಯ ತರಬೇತಿ ನೆಲೆಯು ಯುದ್ಧವಿಮಾನಗಳ ಮುಂಚೂಣಿಯ ನೆಲೆಯಾಯಿತು. ವಾಯುದಳದ ಕಾರ್ಯಭಾರವನ್ನು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೋ ಅವರು ವಹಿಸಿದ್ದರು. ಡಿಸೆಂಬರ್ 18ರಂದು ವಿಂಗ್ ಕಮಾಂಡರ್ ಎನ್. ಬಿ. ಮೆನನ್ ಅವರ ನಾಯಕತ್ವದಲ್ಲಿ ಹನ್ನೆರಡು ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ಓಡುದಾರಿಯ ಮೇಲೆ ಸುಮಾರು 63,000 ಪೌಂಡು ತೂಕದ ಬಾಂಬುಗಳನ್ನು ಕೆಲವೇ ನಿಮಿಷಗಳಲ್ಲಿ ಸುರಿದುವು. ಅನಂತರ ವಿಂಗ್ ಕಮಾಂಡರ್ ಸುರಿಂದರ್ ಸಿಂಗ್ ಅವರ ಮುಂದಾಳುತನದಲ್ಲಿ ಇನ್ನೂ ಎಂಟು ಕ್ಯಾನ್‌ಬೆರಾಗಳು ಬಂದುವು. ಆರು ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದುವು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಓಡುದಾರಿ ನುಚ್ಚುನೂರಾದರೂ ನಿಲ್ದಾಣದ ಕಟ್ಟಡಗಳಿಗೆ ಹಾನಿಯಾಗಲಿಲ್ಲ. ಹಾಗೆ ಮಾಡಬಾರದೆಂದು ಮೊದಲೇ ಆಜ್ಞೆಯಾಗಿತ್ತು. ನಿಲ್ದಾಣದ ಅಂಗಳದಲ್ಲಿ ಪೋರ್ಚುಗೀಜರ ಎರಡು ಪ್ರಯಾಣಿಕ ವಿಮಾನಗಳು ನಿಂತಿದ್ದುವು. ಅವೆರಡೂ ಉಳಿದುವು. ಇಪ್ಪತ್ತು ಬಾಂಬುವಿಮಾನಗಳು ಎರಡು ಸಲ ಮೇಲೆ ಬಂದು ಹೋದರೂ ಪ್ರಜೆಗಳ ವಿಮಾನಗಳು ಸುಡದೆ ಉಳಿದದ್ದನ್ನು ನಾವು ಸಾಮಾನ್ಯ ಸಂಗತಿಯೆಂದು ಎಣಿಸಲಾರೆವು.

ಆ ರಾತ್ರಿ ನಡೆದುದು ಇನ್ನೂ ರೋಮಾಂಚಕರ. ನಿಲ್ದಾಣದ ಕೆಲಸಗಾರರು ಕತ್ತಲೆಯಲ್ಲಿ ಅವಸರ ಅವಸರವಾಗಿ ಓಡುದಾರಿಯ ಒಂದು ಭಾಗದ ಕುಳಿಗಳನ್ನು ಮುಚ್ಚಿದರು. ವಿಮಾನದ ಭಾರವನ್ನು ಇಳಿಸಲು ಹೆಚ್ಚಿನ ಆಸನಗಳನ್ನೂ ಬೇಡದ ಸಾಮಾನುಗಳನ್ನೂ ಕಿತ್ತೆಸೆಯಲಾಯಿತು. ಕೆಲವು ಅಧಿಕಾರಿಗಳ ಮನೆಮಂದಿಯನ್ನು ಹೊತ್ತ ದೊಡ್ಡ ಕಾನ್‌ಸ್ಟೆಲೇಷನ್ ವಿಮಾನವು ಕೇವಲ 700 ಮೀಟರು ಓಡಿ ಮೇಲೆದ್ದಿತು. ಓಡುದಾರಿಯ ಮೇಲಿದ್ದ ಕಲ್ಲುಚೂರುಗಳು ಸಿಡಿದು ಅದರ ಒಡಲಿನಲ್ಲಿ ಇಪ್ಪತ್ತೈದು ತೂತುಗಳಾದುವು. ಒಂದು ಗಾಲಿಯ ಟಯರು ಒಡೆಯಿತು. ಅದರ ಹಿಂದೆಯೇ ಎರಡನೆಯ ವಿಮಾನವೂ ಎದ್ದಿತು. ಎರಡೂ ಕತ್ತಲೆಯ ಮರೆಯಲ್ಲಿ ಸಮುದ್ರದ ಮೇಲೆ ತೀರ ತಗ್ಗಾಗಿ ಹಾರಿ, ಭಾರತೀಯ ವಿಮಾನಗಳ ಕಾವಲನ್ನು ತಪ್ಪಿಸಿಕೊಂಡು, ಕರಾಚಿಯನ್ನು ಸೇರಿದುವು.

ವೈಮಾನಿಕರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ: ಮೊದಲನೆಯದನ್ನು ನಡೆಸಿದವನು ಮಾನುಯೆಲ್ ಕೊರೆಯಾ ರೇಯಿಸ್, ಎರಡನೆಯದನ್ನು ನಡೆಸಿದವನು ಮೇಜರ್ ಸೊಲಾನೊ ದೆ ಆಲ್ಮೇಯ್ದಾ. ಬಾಂಬು ಹಾಕಿದವರ ಹೆಸರುಗಳೂ ಉಳಿದಿವೆ. ಆ ಎರಡು ಹೆಸರುಗಳ ಸಾಲುಗಳ ನಡುವೆ, ಕತ್ತಲೆಯಲ್ಲಿ ಬಾಂಡಲಿಯಿಂದ ಮಣ್ಣುಕಲ್ಲು ಸುರಿದು ಕುಳಿ ಮುಚ್ಚಿದವರು ಬರಿಯ ‘ಕೆಲಸಗಾರರು’ ಎಂಬ ಒಂದು ಪದವಾಗಿ ಉಳಿದಿದ್ದಾರೆ. ಗುದ್ದಲಿ, ಪಿಕಾಸಿ, ಬಾಂಡಲಿಗಳನ್ನು ಹಿಡಿದ ಕೈಗಳ ಶ್ರಮವೇನೆಂಬುದನ್ನು ಬಲ್ಲ ನಮ್ಮ ಮನೆತನಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾರ್ಯಾಚರಣೆಯಲ್ಲಿ ಶತ್ರುವಿನ ಹೊಡೆತಕ್ಕೆ ನಮ್ಮ ವಾಯುದಳದ ಒಂದು ವಿಮಾನವೂ ಉರುಳಲಿಲ್ಲ. ಆದರೆ ಆಕಾಶದಿಂದ ನೋಡುವವನಿಗೂ ನೆಲದಿಂದ ನೋಡುವವನಿಗೂ ಆಗುವ ದೃಷ್ಟಿಭ್ರಮೆಗೆ ಅಲ್ಲಿಯೂ ನಿದರ್ಶನಗಳಿವೆ. ಎರಡು ವ್ಯಾಂಪೈರ್ ವಿಮಾನಗಳು ತಪ್ಪಿ ನಮ್ಮದೇ ಸಿಖ್ ಪದಾತಿಗಳ ಮೇಲೆ ರಾಕೆಟ್ಟು ಹಾರಿಸಿ ಇಬ್ಬರನ್ನು ಗಾಯಗೊಳಿಸಿದುವು. ನಮ್ಮದೇ ಭೂಸೈನ್ಯವು ನಮ್ಮದೇ ತರಬೇತಿ ವಿಮಾನವೊಂದರ ಮೇಲೆ ಗುಂಡು ಹಾರಿಸಿತು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ನೌಕಾದಳದ ಏಳು ಮಂದಿ ಪ್ರಾಣ ತೆತ್ತರು. ನಮ್ಮ ಮಡ್ಕಯಿಗೆ ನೆರೆಯಾದ ಬೋರಿಯಲ್ಲಿ ಜುವಾರಿಯ ಸೇತುವೆಯನ್ನು ಪೋರ್ಚುಗೀಜರು ಉರುಳಿಸಿದ್ದುದರಿಂದ ಸಿಖ್ ಯೋಧರು ದೋಣಿಗಳಲ್ಲಿ ಸಾಗಿ, ಎದೆಮಟ್ಟದ ನೀರಿನಲ್ಲಿ ಇಳಿದು ಆಚೆಯ ದಡವನ್ನು ಮುಟ್ಟಿದರು. ಡಿಸೆಂಬರ್ 19ರ ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದನು. ಸುಮಾರು ನಾಲ್ಕೂವರೆ ಶತಮಾನಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. 1962ರಲ್ಲಿ ದಾಬೋಳಿಯ ನಿಲ್ದಾಣವು ನಮ್ಮ ನೌಕಾದಳದ ಕೈಸೇರಿತು. 1964ರಲ್ಲಿ ‘ಹಂಸ’ವೆಂಬ ಹೆಸರಿನ ನೌಕಾ ವಿಮಾನ ನೆಲೆಯು ಕೊಯಮತ್ತೂರಿನ ಬಳಿಯ ಸೂಲೂರಿನಿಂದ ಅಲ್ಲಿಗೆ ಬಂದಿತು.

1961ರಲ್ಲಿ ಕಾಯ್ದುಕೊಂಡ ಗೆರೆಯು ನಾಲ್ಕೇ ವರ್ಷಗಳಲ್ಲಿ ಇದೇ ಅರಬ್ಬೀ ಸಮುದ್ರದ ಅಂಚಿನಲ್ಲಿ ಅಳಿಸಿಹೋಯಿತು. 1965ರ ಸೆಪ್ಟೆಂಬರ್ 19. ಭಾರತ-ಪಾಕಿಸ್ತಾನಗಳ ಯುದ್ಧದ ಕೊನೆಯ ದಿನಗಳು. ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅವರು ಪತ್ನಿಯೊಡನೆಯೂ ಕೆಲವು ಸಹಾಯಕರು, ಒಬ್ಬ ಪತ್ರಕರ್ತರೊಡನೆಯೂ ಸೌರಾಷ್ಟ್ರದ ಮಿಠಾಪುರದಿಂದ ಕಚ್ಛದ ಗಡಿಯನ್ನು ನೋಡಲು ಬೀಚ್‌ಕ್ರಾಫ್ಟ್ ಎಂಬ ಪುಟ್ಟ ಪ್ರಜಾವಿಮಾನದಲ್ಲಿ ಹೊರಟರು. ಪಾಕಿಸ್ತಾನದ ಸೇಬರ್ ಯುದ್ಧವಿಮಾನವೊಂದು ಅದನ್ನು ಸಂಧಿಸಿತು. ಬೀಚ್‌ಕ್ರಾಫ್ಟಿನ ಚಾಲಕ ಜಹಾಂಗೀರ್ ಇಂಜಿನಿಯರ್ ಅವರು ವಿಮಾನದ ರೆಕ್ಕೆಗಳನ್ನು ಅತ್ತಿತ್ತ ಆಡಿಸಿ ತಾವು ಯೋಧರಲ್ಲವೆಂದು ಸೂಚಿಸಿದರು. ನೆಲದ ಮೇಲಿನ ಅಧಿಕಾರಿಗಳಿಂದ ಹೊಡೆಯಲು ಆಜ್ಞೆ ಬಂದಿತು. ವಿಮಾನವು ಸುಥರಿ ಗ್ರಾಮದ ಬಳಿ ಉರಿದು ಬಿದ್ದಿತು. ಎಂಟು ಜನರೂ ಮಡಿದರು. ಕದನವಿರಾಮಕ್ಕೆ ಆಗ ಕೆಲವೇ ದಿನಗಳು ಉಳಿದಿದ್ದುವು.

ಬಲವಂತರಾಯ್ ಮೆಹತಾ ಎಂಬ ಹೆಸರು ನಮ್ಮ ಹಳ್ಳಿಗಳಿಗೆ ಹೊಸತಲ್ಲ. 1957ರಲ್ಲಿ ಅವರ ಅಧ್ಯಕ್ಷತೆಯ ಸಮಿತಿಯು ಕೊಟ್ಟ ವರದಿಯೇ ನಮ್ಮ ಪಂಚಾಯತ ರಾಜ್ಯ ವ್ಯವಸ್ಥೆಗೆ ಅಸ್ತಿಭಾರ. ಆ ವಿಮಾನವನ್ನು ಹೊಡೆದ ಕೈಸ್ ಹುಸೇನ್ ಅವರು 46 ವರ್ಷಗಳ ಅನಂತರ, 2011ರಲ್ಲಿ, ಚಾಲಕನ ಮಗಳಿಗೆ ತಾವಾಗಿಯೇ ಪತ್ರ ಬರೆದು ಆ ಸಾವುಗಳಿಗಾಗಿ ಸಂತಾಪವನ್ನು ಸೂಚಿಸಿದರು. ಆ ಮಗಳು ದ್ವೇಷವಿಲ್ಲದ ಉತ್ತರವನ್ನು ಬರೆದರು. ಯುದ್ಧದ ಇತಿಹಾಸದಲ್ಲಿ ಗೆಲವು ಸೋಲುಗಳ ಲೆಕ್ಕಕ್ಕೆ ಸಿಕ್ಕದ ಇಂಥ ಎರಡು ಕಾಗದಗಳಿಗೆ ನಾವು ಯಾವ ಬೆಲೆಯನ್ನು ಕಟ್ಟಬೇಕು? ಕೋಣಗಳೆರಡು ಕಾದಿದರೆ ನಡುವಿನ ಗಿಡಕ್ಕೆ ಕೇಡು ಎಂಬ ನಮ್ಮ ಹಳೆಯ ಮಾತು ಗಿಡದ ಪಾಡನ್ನಷ್ಟೇ ಹೇಳುತ್ತದೆ. ಕಾಳಗ ಮುಗಿದ ಎಷ್ಟೋ ವರ್ಷಗಳ ಮೇಲೆ ಕಾದಿದವನ ಮನಸ್ಸು ಆ ಗಿಡವನ್ನು ನೆನೆದು ನೋಯುವುದೂ ಉಂಟೆಂಬುದನ್ನು ಈ ಪತ್ರಗಳು ತೋರಿಸಿಕೊಟ್ಟುವು.

1971ರ ಯುದ್ಧದಲ್ಲಿ ನಮ್ಮ ನೌಕಾ ವಿಮಾನದಳವೇ ಬಲಿ ಕೊಡಬೇಕಾಯಿತು. ಡಿಸೆಂಬರ್ 9ರ ರಾತ್ರಿ ‘ಖುಕ್ರಿ’ ನೌಕೆಯು ಪಾಕಿಸ್ತಾನದ ಜಲಾಂತರ್ಗಾಮಿಯ ಹೊಡೆತದಿಂದ ಮುಳುಗಿತು. ಆ ಜಲಾಂತರ್ಗಾಮಿಯನ್ನು ಹುಡುಕುವ ಕಾರ್ಯದಲ್ಲಿ ತೊಡಗಿದ್ದ ಅಲಿಝೆ ಜಾತಿಯ ವಿಮಾನವೊಂದನ್ನು ಡಿಸೆಂಬರ್ 10ರಂದು ಪಾಕಿಸ್ತಾನದ ವೇಗದ ಸ್ಟಾರ್‌ಫೈಟರ್ ವಿಮಾನವು ಸಮುದ್ರದ ಮೇಲೆ ಹೊಡೆದುರುಳಿಸಿತು. ಅಶೋಕ್ ರಾಯ್, ಸಿರೋಹಿ, ವಿಜಯನ್ ಎಂಬ ಮೂವರು ಅದರಲ್ಲಿದ್ದರು. ಅಲಿಝೆಯು ಮೆಲ್ಲಗೆ ಹಾರುವ ವಿಮಾನ; ನೀರಿನ ಕೆಳಗಿರುವ ಶತ್ರುವನ್ನು ಹುಡುಕುವುದಕ್ಕಾಗಿ ಕಟ್ಟಿದ್ದೇ ಹೊರತು ಆಕಾಶದಲ್ಲಿ ಎದುರಾಗುವ ಶತ್ರುವಿನೊಡನೆ ಕಾದುವುದಕ್ಕಾಗಿ ಅಲ್ಲ. ಮುಳುಗಿದ ತಮ್ಮ ಸಂಗಡಿಗರ ಕಡೆಗೆ ಕಣ್ಣು ನೆಟ್ಟಿದ್ದವರು ತಾವೂ ಅದೇ ಕಡಲಿನಲ್ಲಿ ಲೀನವಾದರು.

ಯುದ್ಧಕ್ಕಾಗಿ ಸಿದ್ಧವಾಗುವುದೂ ಅಪಾಯವೇ. ಅದಕ್ಕೆ ಜುವಾರಿಯ ಎರಡೂ ದಡಗಳ ಜನರು ಸಾಕ್ಷಿಗಳು. 2002ರ ಅಕ್ಟೋಬರ್ 1ರಂದು ನೌಕಾದಳದ 315ನೆಯ ದಳದ ರಜತೋತ್ಸವದ ದಿನ ಎರಡು ಇಲ್ಯುಷಿನ್-38 ವಿಮಾನಗಳು ಜೊತೆಜೊತೆಯಾಗಿ ಹಾರುತ್ತಿರುವಾಗ ದಾಬೋಳಿಯ ಮೇಲೆ ಒಂದಕ್ಕೊಂದು ತಾಗಿ ಕೆಳಗೆ ಬಿದ್ದುವು. ವಿಮಾನಗಳಲ್ಲಿದ್ದ ಹನ್ನೆರಡು ಮಂದಿ ನೌಕಾಸಿಬ್ಬಂದಿ ಮಡಿದರು. ನೆಲದ ಮೇಲೆ ತಮ್ಮ ಪಾಡಿಗೆ ತಾವಿದ್ದ ಕೆಲವು ಸಾಮಾನ್ಯ ಜನರೂ ಮಡಿದರು. 2019ರ ನವೆಂಬರ್ 16ರಂದು ಮಿಗ್-29 ತರಬೇತಿ ವಿಮಾನವೊಂದು ಹಕ್ಕಿಗಳ ಹಿಂಡಿಗೆ ಸಿಲುಕಿ ಇಂಜಿನು ಕೆಟ್ಟು ವೆರ್ಣಾದ ಬಳಿಯ ಬಯಲಿನಲ್ಲಿ ಬಿದ್ದಿತು. ವೈಮಾನಿಕರಿಬ್ಬರೂ ವಿಮಾನವನ್ನು ಜನವಸತಿಯಿಂದ ದೂರಕ್ಕೆ ತಿರುಗಿಸಿ, ಅನಂತರ ಹೊರಕ್ಕೆ ಹಾರಿ ಬದುಕಿಕೊಂಡರು. ವೆರ್ಣಾದ ಕಾರ್ಖಾನೆಗಳಲ್ಲಿ ನಮ್ಮ ಎಷ್ಟು ಜನ ದುಡಿಯುತ್ತಾರೆಂಬುದನ್ನು ವಾಚಕರು ಬಲ್ಲರು. ಅಂದು ವಿಮಾನದ ಮೂತಿಯನ್ನು ಬಯಲಿನ ಕಡೆಗೆ ತಿರುಗಿಸಿದ ಕೈಗಳಿಗೆ ನಾವು ಋಣಿಗಳು.

ಈ ಘಟನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಹೊಳೆಯುವುದು ಇಷ್ಟು. ಪ್ರಜೆಗೂ ಯೋಧನಿಗೂ ನಡುವಣ ಗೆರೆಯನ್ನು ವಿಮಾನದ ಆಕಾರವಾಗಲಿ ಬಣ್ಣವಾಗಲಿ ಕಾಯುವುದಿಲ್ಲ. ಕಟ್ಟಡಗಳನ್ನು ಹೊಡೆಯಬೇಡಿರೆಂದು ಆಜ್ಞೆ ಕೊಟ್ಟವರೂ ಮನುಷ್ಯರೇ. ರೆಕ್ಕೆಯಾಡಿಸಿ ಬೇಡಿಕೊಂಡ ಪುಟ್ಟ ವಿಮಾನವನ್ನು ಹೊಡೆಯಿರೆಂದು ಆಜ್ಞೆ ಕೊಟ್ಟವರೂ ಮನುಷ್ಯರೇ. ಉರಿಯುವ ವಿಮಾನವನ್ನು ಬಯಲಿಗೆ ತಿರುಗಿಸಿದವರೂ ಮನುಷ್ಯರೇ. ಆದುದರಿಂದ ಈ ಇತಿಹಾಸವನ್ನು ಯಂತ್ರಗಳ ಇತಿಹಾಸವೆಂದು ಬರೆಯುವುದು ತಪ್ಪು. ಇದು ಮನುಷ್ಯರ ನಿರ್ಧಾರಗಳ ಇತಿಹಾಸ. ಆ ನಿರ್ಧಾರಗಳ ಫಲವನ್ನು ಉಂಡವರ ಹೆಸರುಗಳೂ ಅದರಲ್ಲಿ ಇರತಕ್ಕದ್ದು.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಎಚ್ಚರವುಳ್ಳವರಾಗಿದ್ದರು. ಕನ್ನಡನಾಡಿನ ಯಾವ ಹಳ್ಳಿಗೆ ಹೋದರೂ ಕೆರೆಯ ಏರಿಯ ಮೇಲೋ ಗುಡಿಯ ಹಿಂದೆಯೋ ಒಂದು ವೀರಗಲ್ಲು ಕಾಣಸಿಗುತ್ತದೆ. ತುರುಗಳನ್ನು ಬಿಡಿಸಿ ತರುವಾಗ ಸತ್ತವನು, ಊರನ್ನು ಕಾಯುವಾಗ ಸತ್ತವನು ರಾಜನಾಗಿರಲಿಲ್ಲ, ಊರವನಾಗಿದ್ದ. ಅಂಥವನಿಗೂ ಕಲ್ಲು ನೆಟ್ಟು ಎಲ್ಲಿ ಸತ್ತ, ಏಕೆ ಸತ್ತ, ಕಲ್ಲನ್ನು ನೆಟ್ಟವರು ಯಾರು ಎಂದು ಬರೆಯಿಸುತ್ತಿದ್ದರು. ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪು ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಇಂದಿಗೂ ಉಳಿದಿದೆ. ನಮ್ಮ ಮಡ್ಕಯಿಯ ಕೆಳಗಡೆ, ಜುವಾರಿಯ ಉತ್ತರ ದಡದಲ್ಲಿ, ಕದಂಬರ ರಾಜಧಾನಿಯಾಗಿ ಮೆರೆದ ಗೋಪಕಪಟ್ಟಣವಿತ್ತು. ಆ ಕಾಲದ ನೌಕಾಯುದ್ಧದ ದೃಶ್ಯವನ್ನು ಕೊರೆದ ವೀರಗಲ್ಲುಗಳು ಗೋವೆಯಲ್ಲಿ ದೊರೆತಿವೆ. ದೋಣಿಯಲ್ಲಿ ಕಾದಿ ಸತ್ತವನಿಗೆ ಅಂದು ಕಲ್ಲು ದೊರೆಯಿತು. ಓಡುದಾರಿಯ ಕುಳಿಯನ್ನು ಮುಚ್ಚಿದವನಿಗೂ, ವಿಮಾನ ಮೇಲೆ ಬಿದ್ದು ಸತ್ತ ದಾರಿಹೋಕನಿಗೂ ಇಂದು ಕಲ್ಲು ದೊರೆಯುವುದಿಲ್ಲ. ಕಡೆಗೆ ಒಂದು ಸಾಲಾದರೂ ದೊರೆಯಬೇಡವೇ?

ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬೆಳಗಾವಿ ಮುಂತಾದ ಜಿಲ್ಲೆಗಳಿಂದ ಬಂದು ಇಲ್ಲಿಯ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ, ರಸ್ತೆಗಳಲ್ಲಿ ದುಡಿಯುತ್ತಿರುವ ನಾವು ಈ ನೆಲದ ಇತಿಹಾಸಕ್ಕೆ ಹೊರಗಿನವರಲ್ಲ. ನಮ್ಮ ಮನೆಗಳಲ್ಲಿ ಹಿರಿಯರಿದ್ದಾರೆ. ಅವರಲ್ಲಿ ಕೆಲವರು 1961ರ ಡಿಸೆಂಬರದಲ್ಲಿ ಬೆಳಗಾವಿಯ ದಾರಿಗಳಲ್ಲಿ ಸೈನ್ಯದ ಲಾರಿಗಳ ಸಾಲನ್ನು ಚಿಕ್ಕಂದಿನಲ್ಲಿ ಕಂಡವರಿರಬಹುದು. 2002ರ ಆ ದಿನ ವಾಸ್ಕೋದಲ್ಲಿ ಕೆಲಸದಲ್ಲಿದ್ದವರಿರಬಹುದು. ಬರುವ ವರ್ಷದೊಳಗೆ ನಮ್ಮ ವಿದ್ಯಾರ್ಥಿಗಳು ಒಂದೊಂದು ನೋಟ್‌ಪುಸ್ತಕವನ್ನು ಹಿಡಿದು ಅಜ್ಜ ಅಜ್ಜಿಯರ ಬಳಿ ಕುಳಿತು, ಅವರು ಕಂಡುದನ್ನು ಕಂಡ ಹಾಗೆಯೇ, ಊರು, ವರ್ಷ, ಹೆಸರುಗಳ ಸಮೇತ ಕನ್ನಡದಲ್ಲಿ ಬರೆದು ತರಲಿ. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆಬೇರೆಯಾಗಿ ಬರೆಯಲಿ. ಅದೇ ನಾವು ನೆಡಬಹುದಾದ ವೀರಗಲ್ಲು.

ಇಂದು ಸಂಜೆಯೂ ನಮ್ಮ ಮಕ್ಕಳು ನದಿಯ ದಡದಲ್ಲಿ ನಿಂತು ದಾಬೋಳಿಯ ಕಡೆಗೆ ಇಳಿಯುವ ವಿಮಾನಗಳನ್ನು ಎಣಿಸುವರು. ಅವರು ಎಣಿಸುವ ವಿಮಾನಗಳೆಲ್ಲವೂ, ಬಣ್ಣದವಾಗಲಿ ಬೂದಿಯವಾಗಲಿ, ಕ್ಷೇಮವಾಗಿ ನೆಲ ಮುಟ್ಟಲಿ ಎಂಬುದೇ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನಮ್ಮ ಹಾರೈಕೆ.